ವಲೆನ್ಸಿಯಾದಲ್ಲಿ ಕಾರಿಲ್ಲದ ಸಂಸಾರ

ಅಮೆರಿಕದಲ್ಲಿ 65 ತುಂಬುವ ಮುಂಚೆ ಕೆಲಸ ಕಳೆದುಕೊಂಡವರಿಗೆ ಸಂಬಳದ ಚಿಂತೆಗಿಂತ ದೊಡ್ಡದು ಆರೋಗ್ಯ ವಿಮೆಯ ಚಿಂತೆ. ಸರ್ಕಾರದ ಮೆಡಿಕೇರ್ ಸಾಮಾನ್ಯವಾಗಿ ಸಿಗುವುದೇ 65ಕ್ಕೆ. ಅಲ್ಲಿಯತನಕ ಹಳೆಯ ಕಂಪನಿಯ ವಿಮೆಯನ್ನೇ ಮುಂದುವರಿಸಿಕೊಳ್ಳಲು ‘ಕೋಬ್ರಾ’ ಎಂಬ ಕಾನೂನು 18 ತಿಂಗಳ ಅವಕಾಶ ಕೊಡುತ್ತದೆ. ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಮ್ಮ ತಲೆಗೇ ಬರುತ್ತದೆ, ಅದರ ಮೇಲೆ ಶೇ. 2ರಷ್ಟು ನಿರ್ವಹಣಾ ವೆಚ್ಚ. ಡಾಲಸ್ ಪಕ್ಕದ ಉಪನಗರವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸಾರ ಮಾಡಿದ್ದ ನಮಗೆ, ನನ್ನವರ ಸಾಫ್ಟ್‌ವೇರ್ ಕೆಲಸ ಐವತ್ತೆಂಟನೇ ವಯಸ್ಸಿನಲ್ಲಿ ಹೋದಾಗ ಇದರ ಬಿಸಿ ತಟ್ಟಿತು. ಇಬ್ಬರ ವಿಮೆಯ ಕಂತು ಮನೆ ಸಾಲದ ಕಂತಿಗೆ ಸಮನಾಯಿತು. ಅಷ್ಟು ಕಟ್ಟಿಯೂ, ವರ್ಷದ ಮೊದಲ ಕೆಲವು ಸಾವಿರ ಡಾಲರ್ ಖರ್ಚನ್ನು ನಾವೇ ಭರಿಸಿದ ಮೇಲಷ್ಟೇ ವಿಮೆಯ ಹಣ ಬರಲು ಶುರುವಾಗುತ್ತಿತ್ತು.

ದೇಹದ ಲೆಕ್ಕವೂ ಚೆನ್ನಾಗಿರಲಿಲ್ಲ. ನನ್ನ ಸಕ್ಕರೆ ಮಧುಮೇಹದ ಗಡಿ ದಾಟಿತ್ತು, ನನ್ನವರಿಗೆ ರಕ್ತದೊತ್ತಡ. ವೈದ್ಯರು ಪ್ರತಿ ಸಲವೂ “ದಿನಾ ನಡೆಯಿರಿ” ಎನ್ನುತ್ತಿದ್ದರು. ಆದರೆ ಆ ಉಪನಗರದಲ್ಲಿ ನಡೆದುಕೊಂಡು ಹೋಗಬಹುದಾದ ಒಂದು ಅಂಗಡಿಯೂ ಇರಲಿಲ್ಲ. ಹಾಲು ಬೇಕೆಂದರೆ ಕಾರು, ಕೊತ್ತಂಬರಿ ಸೊಪ್ಪು ಬೇಕೆಂದರೆ ಕಾರು, ದೇವಸ್ಥಾನಕ್ಕೆ ಕಾರು, ವಾಕಿಂಗ್ ಮಾಡುವ ಪಾರ್ಕಿಗೂ ಕಾರು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ತಲುಪಿದರೆ ಅದೂ ನಿಂತುಹೋಗುತ್ತಿತ್ತು.

ಊರಿಗೆ ಯಾಕೆ ವಾಪಸ್ ಬರಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಾನು ಮಂಡ್ಯ ಜಿಲ್ಲೆಯವಳು, ಅವರು ಬೆಂಗಳೂರಿನವರು. ಬೆಂಗಳೂರಿನಲ್ಲಿ ಎರಡು ವಾರ ಇದ್ದರೆ ಸಾಕು, ಅವರ ಆಸ್ತಮಾ ಕೆರಳುತ್ತದೆ. ಮಗಳು ಅಮೆರಿಕದಲ್ಲಿ, ಅವ್ವ ಮಂಡ್ಯದಲ್ಲಿ ತಮ್ಮನ ಜೊತೆ. ಇಬ್ಬರನ್ನೂ ಹೋಗಿ ನೋಡಿಬರಲು ಆಗುವಂಥ ಒಂದು ಜಾಗ ಬೇಕಿತ್ತು. ಸ್ಪೇನಿನ ಪೂರ್ವ ಕರಾವಳಿಯ ವಲೆನ್ಸಿಯಾ ಗೊತ್ತುಮಾಡಿದಾಗ ಅವ್ವ ಫೋನಿನಲ್ಲಿ, “ಅಮೆರಿಕಾನೇ ದೂರ ಅನ್ಕಂಡಿದ್ದೆ, ಇದ್ಯಾವ ಊರಿಗೆ ಹೊಂಟ್ರವ್ವ?” ಎಂದಳು. ಈಗ ಒಂದೇ ಕಡೆ ವಿಮಾನ ಬದಲಿಸಿದರೆ ಬೆಂಗಳೂರು. ಡಾಲಸ್‌ನಿಂದ ಹೊರಟಾಗಿನ ಅರ್ಧದಷ್ಟೂ ಸುಸ್ತಾಗುವುದಿಲ್ಲ.

ವೀಸಾದ ವಿಷಯ ಚುಟುಕಾಗಿ ಹೇಳುತ್ತೇನೆ. ನಮ್ಮದು ಅಮೆರಿಕದ ಪಾಸ್‌ಪೋರ್ಟ್. ಕೆಲಸ ಮಾಡದೆ ಸ್ವಂತ ಹಣದಲ್ಲಿ ಬದುಕುವವರಿಗೆ ಸ್ಪೇನ್ ಕೊಡುವ ‘ನಾನ್ ಲುಕ್ರೆಟಿವ್’ ವೀಸಾದಲ್ಲಿ ಬಂದೆವು. ಐಪ್ರೆಮ್ ಎಂಬ ಸರ್ಕಾರಿ ಸೂಚ್ಯಂಕದ ನಾಲ್ಕು ಪಟ್ಟು ಆದಾಯ ತೋರಿಸಬೇಕು, ಜೊತೆಗೆ ಬರುವ ಪ್ರತಿಯೊಬ್ಬರಿಗೂ ಇನ್ನೊಂದು ಪಟ್ಟು. 2023ರಿಂದ ಆ ಸೂಚ್ಯಂಕ ತಿಂಗಳಿಗೆ 600 ಯೂರೋ. ಅಂದರೆ ಗಂಡ ಹೆಂಡತಿಗೆ ವರ್ಷಕ್ಕೆ 36,000 ಯೂರೋ. ಅಪರಾಧದ ದಾಖಲೆ ಇಲ್ಲವೆಂಬ ಎಫ್‌ಬಿಐ ಪ್ರಮಾಣಪತ್ರ, ಅದಕ್ಕೆ ಅಪೊಸ್ಟೈಲ್ ಮುದ್ರೆ, ಅಧಿಕೃತ ಭಾಷಾಂತರಕಾರರಿಂದ ಸ್ಪ್ಯಾನಿಷ್ ಅನುವಾದ, ವೈದ್ಯರ ಪತ್ರ, ಇವೆಲ್ಲ ಇರಬೇಕು. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ದುಡಿಯುವವರಿಗೆ 2023ರಿಂದ ಡಿಜಿಟಲ್ ನೊಮ್ಯಾಡ್ ವೀಸಾ ಬೇರೆಯೇ ಇದೆ. ದುಡಿಯುತ್ತಿರುವವರು ಅದನ್ನೇ ಕೇಳಬೇಕು, ಇದರಲ್ಲಿ ಬಂದು ಗುಟ್ಟಾಗಿ ಕೆಲಸ ಮಾಡಬಾರದು.

ನಾವು ಬಂದದ್ದು 2022ರ ಶರತ್ಕಾಲದಲ್ಲಿ. ಡಾಲಸ್‌ನಲ್ಲಿದ್ದ ಎರಡೂ ಕಾರು ಮಾರಿಯೇ ಹೊರಟಿದ್ದೆವು. ಟೆಕ್ಸಾಸಿನ ಲೈಸೆನ್ಸನ್ನು ಸ್ಪೇನ್ ಬದಲಾಯಿಸಿ ಕೊಡುವುದಿಲ್ಲ. ನಿವಾಸಿಗಳಾದ ಆರು ತಿಂಗಳ ನಂತರ ಅದು ಇಲ್ಲಿ ನಡೆಯುವುದೂ ಇಲ್ಲ, ಮತ್ತೆ ಪರೀಕ್ಷೆ ಬರೆಯಬೇಕು. ಬರೆಯುವುದು ಬೇಡ ಎಂದು ತೀರ್ಮಾನಿಸಿದೆವು. ನನ್ನ ಆರೋಗ್ಯ ಸುಧಾರಿಸಲು ಶುರುವಾದದ್ದು ಆ ತೀರ್ಮಾನದಿಂದ. ಇಲ್ಲಿನ ಎಣ್ಣೆ, ಮೀನು, ಸಮುದ್ರದ ಗಾಳಿ ಎಂದು ಜನ ಏನೇನೋ ಕಾರಣ ಹೇಳುತ್ತಾರೆ. ಸ್ಪೇನಿನ ಸರಾಸರಿ ಆಯುಷ್ಯ 84ರ ಆಸುಪಾಸು, ಅಮೆರಿಕದ್ದು 2023ರಲ್ಲಿ 78.4. ಇದಕ್ಕೆಲ್ಲ ವಿದ್ವಾಂಸರು ಹತ್ತು ಕಾರಣ ಕೊಡಬಹುದು. ನನ್ನ ಮಟ್ಟಿಗೆ ಕಂಡದ್ದು ಒಂದೇ: ಇಲ್ಲಿ ನಡೆಯುವುದನ್ನು ವ್ಯಾಯಾಮ ಎಂದು ಯಾರೂ ಎಣಿಸುವುದಿಲ್ಲ. ಬ್ರೆಡ್ಡಿಗೆ, ಔಷಧಿಗೆ, ಬ್ಯಾಂಕಿಗೆ, ಕ್ಷೌರಕ್ಕೆ, ಸಂಜೆ ಸ್ನೇಹಿತರ ಜೊತೆ ಹರಟೆಗೆ ನಡೆದೇ ಹೋಗಬೇಕು. ಎಂಬತ್ತು ದಾಟಿದ ಕೆಳಮನೆಯ ಅಜ್ಜಿ ಕೋಲೂರಿಕೊಂಡು ದಿನಾ ಎರಡು ಸಲ ಹೊರಗೆ ಹೋಗಿಬರುತ್ತಾರೆ.

ಊರಿನ ನಡುವೆ ತುರಿಯಾ ನದಿಯ ಹಳೆಯ ಪಾತ್ರವಿದೆ. 1957ರ ಅಕ್ಟೋಬರ್ 14ರಂದು ಆ ನದಿ ಉಕ್ಕಿ ಊರನ್ನೇ ಮುಳುಗಿಸಿತು, ಕನಿಷ್ಠ 81 ಜನ ಸತ್ತರು. ಆಮೇಲೆ ಸರ್ಕಾರ ನದಿಯನ್ನು ಊರಿನ ದಕ್ಷಿಣಕ್ಕೆ ತಿರುಗಿಸಿತು. ಬತ್ತಿದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆ ತಯಾರಾಗಿತ್ತು. ನದಿಯ ಪಾತ್ರ ನಮ್ಮದು, ಅಲ್ಲಿ ಹಸಿರೇ ಇರಲಿ ಎಂದು ಊರಿನ ಜನ ಪಟ್ಟು ಹಿಡಿದರು. ಇವತ್ತು ಅಲ್ಲಿ ಸುಮಾರು 9 ಕಿಲೋಮೀಟರ್ ಉದ್ದದ ತೋಟವಿದೆ. ಮೇಲೆ ಹಳೆಯ ಕಲ್ಲಿನ ಸೇತುವೆಗಳು, ಕೆಳಗೆ ಕಿತ್ತಳೆ ಮರ, ಸೈಕಲ್ ದಾರಿ, ಮಕ್ಕಳ ಆಟದ ಬಯಲು. ರಾತ್ರಿ ಹತ್ತಕ್ಕೂ ಮುದುಕರು ಬೆಂಚಿನ ಮೇಲೆ ಕೂತಿರುತ್ತಾರೆ. ಡಾಲಸ್‌ನಲ್ಲಿ ನನಗೆ ಸಿಗದಿದ್ದ ಔಷಧಿ ಇದು. ಅದನ್ನು ಹೋರಾಡಿ ಉಳಿಸಿಕೊಂಡ ಜನರ ಋಣ ನನ್ನ ಮೇಲಿದೆ ಎಂದು ಮನಸಾರೆ ನಂಬಿದ್ದೇನೆ.

ಊಟದ ಕ್ರಮವೂ ಬದಲಾಯಿತು. ಇಲ್ಲಿ ದೊಡ್ಡ ಊಟ ಮಧ್ಯಾಹ್ನ ಎರಡರ ಮೇಲೆ. ರಾತ್ರಿ ಒಂಬತ್ತೂವರೆಗೆ ಉಣ್ಣುವ ಅವರ ಪದ್ಧತಿ ಮಾತ್ರ ನಮಗೆ ಒಗ್ಗಲಿಲ್ಲ, ನಾವು ಏಳಕ್ಕೇ ಮುಗಿಸುತ್ತೇವೆ. ಮರ್ಕಾದೋ ಸೆಂಟ್ರಾಲ್ ಎಂಬ ದೊಡ್ಡ ಸಂತೆಕಟ್ಟೆ 1928ರಲ್ಲಿ ಶುರುವಾದದ್ದು. ಅಲ್ಲಿ ಟೊಮೆಟೊ ಕೇಳಿದರೆ ಅಂಗಡಿಯಾತ ತೂಗುವ ಮುಂಚೆ “ಇವತ್ತಿಗಾ, ನಾಳೆಗಾ?” ಎಂದು ಕೇಳುತ್ತಾನೆ. ಇವತ್ತಿಗೆ ಎಂದರೆ ಒತ್ತಿ ನೋಡಿ ಮಾಗಿದ್ದನ್ನು ಆರಿಸುತ್ತಾನೆ, ನಾಳೆಗೆ ಎಂದರೆ ಸ್ವಲ್ಪ ಗಟ್ಟಿಯದು. ಪಯೇಯಾ ಎಂಬ ಇಲ್ಲಿನ ಅನ್ನದ ಅಡುಗೆಗೆ ಹಾಕುವ ‘ಗರ್ರೋಫೋ’ ಕಾಳು ನಮ್ಮ ಡಬಲ್ ಬೀನ್ಸಿನ ಜಾತಿಯದೇ. ಹಸಿಯದು ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಹುಳಿ. ಇಲ್ಲಿನ ಗುಂಡು ಅಕ್ಕಿ ಮೊಸರನ್ನಕ್ಕೆ, ಪೊಂಗಲ್‌ಗೆ ಹೇಳಿ ಮಾಡಿಸಿದಂತಿದೆ. ರಾಗಿ ಹಿಟ್ಟೊಂದನ್ನು ಮಾತ್ರ ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳುತ್ತೇವೆ.

ಆ ಅಕ್ಕಿ ಬೆಳೆಯುವುದು ಊರಿನ ದಕ್ಷಿಣಕ್ಕಿರುವ ಅಲ್ಬುಫೆರಾ ಸರೋವರದ ಸುತ್ತಿನ ಗದ್ದೆಗಳಲ್ಲಿ. ಊರಿಗೆ ಅಂಟಿಕೊಂಡಂತೆಯೇ ‘ಉಯೆರ್ತಾ’ ಎಂಬ ತರಕಾರಿ ಬಯಲಿದೆ, ಅದಕ್ಕೆ ತುರಿಯಾದ ನೀರು ನೂರಾರು ವರ್ಷ ಹಳೆಯ ನಾಲೆಗಳಲ್ಲಿ ಹರಿಯುತ್ತದೆ. ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ದೊಡ್ಡ ಚರ್ಚಿನ ಅಪೊಸ್ತಲರ ಬಾಗಿಲ ಮುಂದೆ ನೀರಿನ ನ್ಯಾಯಮಂಡಳಿ ಸೇರುತ್ತದೆ. ಎಂಟು ನಾಲೆಗಳಿಗೆ ಎಂಟು ಪ್ರತಿನಿಧಿಗಳು, ಎಲ್ಲರೂ ರೈತರೇ, ಕಪ್ಪು ಅಂಗಿ ತೊಟ್ಟು ಮರದ ಕುರ್ಚಿಗಳಲ್ಲಿ ಕೂರುತ್ತಾರೆ. ಒಂದೊಂದು ನಾಲೆಯವರ ದೂರನ್ನು ಕೂಗಿ ಕರೆಯುತ್ತಾರೆ. ಎಲ್ಲ ಬಾಯಿಮಾತಿನಲ್ಲಿ, ವಲೆನ್ಸಿಯಾದವರ ಸ್ವಂತ ಭಾಷೆಯಲ್ಲಿ. ವಕೀಲರಿಲ್ಲ. ತೀರ್ಪು ಅಲ್ಲೇ, ಅದೇ ಕೊನೆ. 2009ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಚ್ಚಿನ ವಾರ ದೂರೇ ಇರುವುದಿಲ್ಲ, ಕೆಲವೇ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ಗದ್ದೆ ಇದ್ದ ಮನೆಯಲ್ಲಿ ಹುಟ್ಟಿದವಳು ನಾನು. ನೀರುಗಂಟಿಯ ಹಿಂದೆ ಅಲೆಯುವುದು, ನೀರು ಕೊನೆಯ ಗದ್ದೆಗೆ ಬರುವ ಹೊತ್ತಿಗೆ ಪೈರು ಒಣಗಿರುವುದು, ಇದನ್ನೆಲ್ಲ ಕಂಡು ಬೆಳೆದಿದ್ದೇನೆ. ಪರದೇಶದಲ್ಲಿ ನನಗೆ ಮೊದಲು ನಂಟು ಬೆಳೆದದ್ದು ಆ ಕಪ್ಪು ಅಂಗಿಯ ರೈತರ ಜೊತೆ. ಬೇಸಾಯ ಗೊತ್ತಿರುವವರು ವಲೆನ್ಸಿಯಾಕ್ಕೆ ಬಂದರೆ ಕಡಲತೀರಕ್ಕಿಂತ ಮುಂಚೆ ಅಲ್ಲಿಗೆ ಹೋಗಬೇಕು.

ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ವೀಸಾಕ್ಕೆ ಖಾಸಗಿ ವಿಮೆ ಕಡ್ಡಾಯ, ಅದೂ ವೈದ್ಯರ ಹತ್ತಿರ ಹೋದಾಗಲೆಲ್ಲ ನಾವು ಪಾಲು ಕಟ್ಟಬೇಕಾಗದ ವಿಮೆ. ನನ್ನ ಮಧುಮೇಹ ತಿಳಿದ ಕೂಡಲೇ ಒಂದು ಕಂಪನಿ ಅರ್ಜಿಯನ್ನೇ ತಳ್ಳಿಹಾಕಿತು, ಇನ್ನೊಂದು ಒಪ್ಪಿಕೊಂಡಿತು. ಐವತ್ತರ ಮೇಲಿನವರು ಬೇರೆ ಯಾವ ಕಾಗದಕ್ಕೂ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಬೇಕು. ಡಾಲಸ್‌ನಲ್ಲಿ ಕಟ್ಟುತ್ತಿದ್ದ ಎರಡು ತಿಂಗಳ ಕಂತಿನಲ್ಲಿ ಇಲ್ಲಿ ವರ್ಷದ ವಿಮೆ ಮುಗಿಯಿತು. ಒಂದು ವರ್ಷ ವಾಸವಿದ್ದ ಮೇಲೆ ‘ಕೊನ್ವೆನ್ಯೋ ಎಸ್ಪೆಸಿಯಾಲ್’ ಎಂಬ ವ್ಯವಸ್ಥೆಯಡಿ ಸರ್ಕಾರಿ ಆಸ್ಪತ್ರೆಗಳ ಸೇವೆಗೆ ಸೇರಬಹುದು: 65ರೊಳಗಿನವರಿಗೆ ತಿಂಗಳಿಗೆ 60 ಯೂರೋ, ಮೇಲ್ಪಟ್ಟವರಿಗೆ 157. ಇದರಲ್ಲಿ ಔಷಧಿಗೆ ರಿಯಾಯಿತಿ ಇಲ್ಲ, ಪೂರ್ತಿ ಬೆಲೆ ನಾವೇ ಕೊಡಬೇಕು. ಆ ಪೂರ್ತಿ ಬೆಲೆಯೂ ನಮ್ಮ ಮಾತ್ರೆಗಳ ಮಟ್ಟಿಗೆ ಹೊರೆಯಲ್ಲ. ತಜ್ಞ ವೈದ್ಯರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬಡಾವಣೆಯ ಆರೋಗ್ಯ ಕೇಂದ್ರದ ವೈದ್ಯೆ ಮಾತ್ರ ನನ್ನ ಹೆಸರು, ಅಡುಗೆ, ಕಾಲುನೋವು ಎಲ್ಲವನ್ನೂ ನೆನಪಿಟ್ಟು ಮಾತಾಡಿಸುತ್ತಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಇಳಿದು, ಮಾತ್ರೆಯ ಪ್ರಮಾಣವನ್ನು ಅವರೇ ಅರ್ಧಕ್ಕಿಳಿಸಿದರು.

ಇಷ್ಟು ಓದಿ ಹೊರಡುವ ಮನಸ್ಸಾದವರು ತೆರಿಗೆಯ ಮಾತನ್ನು ಗಮನವಿಟ್ಟು ಕೇಳಬೇಕು. ಅಗ್ಗದ ಬದುಕು ಎಂದು ಬಂದವರ ಲೆಕ್ಕ ತಲೆಕೆಳಗಾಗುವುದು ಇಲ್ಲೇ. ಒಂದು ಕ್ಯಾಲೆಂಡರ್ ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಸ್ಪೇನಿನ ತೆರಿಗೆ ನಿವಾಸಿ, ಪ್ರಪಂಚದ ಯಾವ ಮೂಲೆಯ ಆದಾಯವಾದರೂ ಇಲ್ಲಿ ತೋರಿಸಬೇಕು. ಅಮೆರಿಕದ ಪ್ರಜೆಗಳು ಅಲ್ಲಿಯೂ ರಿಟರ್ನ್ಸ್ ಸಲ್ಲಿಸುತ್ತಲೇ ಇರಬೇಕು. ಎರಡು ದೇಶಗಳ ಒಪ್ಪಂದ ಇರುವುದರಿಂದ ಒಂದೇ ಹಣಕ್ಕೆ ಎರಡು ಸಲ ಕಟ್ಟುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ. ಸ್ವಂತ ಮನೆ ಮಾರಿದ ದಂಪತಿಗೆ ಅಮೆರಿಕ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ವಿನಾಯಿತಿ ಕೊಡುತ್ತದೆ, ಸ್ಪೇನಿನ ನಿಯಮ ಬೇರೆ. ಸಲಹೆಗಾರರು ಹೇಳಿದಂತೆ ಡಾಲಸ್ ಮನೆಯನ್ನು ಹೊರಡುವ ಮುಂಚೆ ಮಾರಿದೆವು, ವರ್ಷದ ಎರಡನೇ ಅರ್ಧದಲ್ಲಿ ಬಂದೆವು. ವಿದೇಶದಲ್ಲಿರುವ ಬ್ಯಾಂಕ್ ಖಾತೆಗಳು, ಹೂಡಿಕೆಗಳು, ಸ್ಥಿರಾಸ್ತಿ, ಈ ಮೂರರಲ್ಲಿ ಯಾವುದೇ ಒಂದು ಗುಂಪು 50,000 ಯೂರೋ ದಾಟಿದರೆ ಮಾರ್ಚ್ 31ರೊಳಗೆ ‘ಮೊದೆಲೊ 720’ ಎಂಬ ಘೋಷಣೆ ಸಲ್ಲಿಸಬೇಕು. ಇದರಲ್ಲಿ ಊರಿನ ಆಸ್ತಿಯೂ ಬರುತ್ತದೆ. ಮೈಸೂರಿನ ಸೈಟು, ಬೆಂಗಳೂರಿನ ಫ್ಲ್ಯಾಟು, ಪಿತ್ರಾರ್ಜಿತವಾಗಿ ಬಂದ ಗದ್ದೆಯ ಪಾಲು, ಯಾವುದನ್ನೂ ಮರೆಯುವಂತಿಲ್ಲ. ಮಂಡ್ಯದ ಪಹಣಿಯನ್ನು ವಲೆನ್ಸಿಯಾದ ಲೆಕ್ಕಿಗರಿಗೆ ವಿವರಿಸಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಬಾಡಿಗೆಯ ಮಾತು ಇನ್ನೂ ಕಷ್ಟದ್ದು. ಡಾಲರಿನಲ್ಲಿ ಉಳಿಸಿ ಬಂದ ನಮ್ಮಂಥವರಿಗೆ ಅಗ್ಗವೆನಿಸುವ ಬಾಡಿಗೆ ಇಲ್ಲಿ ದುಡಿಯುವ ಹುಡುಗರಿಗೆ ಕೈಗೆಟುಕದ್ದು. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಗಳು ಹೆಚ್ಚಿದಷ್ಟೂ ಊರಿನವರಿಗೆ ಮನೆ ಸಿಗುವುದು ಕಡಿಮೆಯಾಯಿತು. 2024ರ ಅಕ್ಟೋಬರ್ 19ರಂದು ಸಾವಿರಾರು ಜನ ಇದನ್ನು ವಿರೋಧಿಸಿ ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾದದ್ದು. ಮನೆಯ ಮಾಲೀಕರೊಬ್ಬರು ನಮ್ಮನ್ನು ಇಡೀ ವರ್ಷದ ಬಾಡಿಗೆ ಮುಂಗಡ ಕೇಳಿದರು. ಕಾನೂನಿನಂತೆ ಒಂದು ತಿಂಗಳ ಠೇವಣಿ, ಅದರ ಮೇಲೆ ಹೆಚ್ಚೆಂದರೆ ಎರಡು ತಿಂಗಳ ಭದ್ರತೆಯಷ್ಟೇ. ಹೊಸಬರು ಕೇಳಿದಷ್ಟು ಕೊಡುತ್ತಾ ಹೋದರೆ ಮುಂದೆ ಬರುವ ಬಾಡಿಗೆದಾರರೆಲ್ಲ ಅದಕ್ಕೆ ಬೆಲೆ ತೆರುತ್ತಾರೆ. ನಾವು ಆ ಮನೆ ಬಿಟ್ಟು, ಲಿಫ್ಟ್ ಹಳೆಯದಾದರೂ ಪರವಾಗಿಲ್ಲವೆಂದು ಊರಿನವರೇ ಇರುವ ಕಟ್ಟಡದಲ್ಲಿ ನಿಂತೆವು.

ಆ ಮೆರವಣಿಗೆ ನಡೆದ ಹತ್ತೇ ದಿನಕ್ಕೆ, ಅಕ್ಟೋಬರ್ 29ರಂದು ಮಹಾಪ್ರವಾಹ ಬಂತು. ಪೈಪೋರ್ತಾ, ಕತಾರೋಹಾ, ಅಲ್ಫಾಫಾರ್ ಮುಂತಾದ ಊರುಗಳು ಕೆಲವೇ ಗಂಟೆಗಳಲ್ಲಿ ಕೆಸರಿನಲ್ಲಿ ಹೂತುಹೋದವು. ವಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ಮೊಬೈಲಿಗೆ ಎಚ್ಚರಿಕೆ ಬಂದದ್ದು ರಾತ್ರಿ 8.11ಕ್ಕೆ, ಅಷ್ಟರಲ್ಲಿ ಎಷ್ಟೋ ಬೀದಿಗಳು ಆಗಲೇ ಮುಳುಗಿದ್ದವು. 1957ರ ನಂತರ ನದಿಯನ್ನು ತಿರುಗಿಸಿದ್ದ ಹೊಸ ಕಾಲುವೆ ನಗರವನ್ನು ಕಾಪಾಡಿತು. ಮರುದಿನಗಳಲ್ಲಿ ಸಾವಿರಾರು ಜನ ಪೊರಕೆ, ಸನಿಕೆ, ಕುಡಿಯುವ ನೀರು ಹೊತ್ತು ಕಾಲುಸೇತುವೆ ದಾಟಿ ನಡೆದೇ ಹೋದರು. ನಾವೂ ಹೋದೆವು. ನನ್ನವರು ಒಂದು ಮನೆಯಿಂದ ಕೆಸರು ಎತ್ತುವವರ ಸಾಲಿನಲ್ಲಿ ನಿಂತರು, ನಾನು ತೊಯ್ದ ಪಾತ್ರೆಗಳನ್ನು ತೊಳೆದೆ. ಪಕ್ಕದಲ್ಲಿ ನಿಂತು ತೊಳೆಯುತ್ತಿದ್ದ ಹೆಂಗಸು ನಾನು ಎಲ್ಲಿಯವಳೆಂದು ಕೇಳಲಿಲ್ಲ, ಒಂದು ಜೊತೆ ರಬ್ಬರ್ ಕೈಗವಸು ಕೊಟ್ಟಳು. ಬೀದಿಯ ಜನ ನನ್ನನ್ನು ಗುರುತು ಹಿಡಿದು ಮಾತಾಡಿಸಲು ಶುರುಮಾಡಿದ್ದು ಅದರ ನಂತರ.

ಕಳೆದುಕೊಂಡದ್ದೂ ಇದೆ. ಡಾಲಸ್‌ನಲ್ಲಿ ಯುಗಾದಿ, ದೀಪಾವಳಿ ಎಂದರೆ ನೂರಾರು ಕನ್ನಡಿಗರು ಸೇರುತ್ತಿದ್ದರು, ಇಲ್ಲಿ ನಾಲ್ಕು ಮನೆಯವರು ಸೇರಿದರೆ ದೊಡ್ಡ ಹಬ್ಬ. ಮಗಳ ಬಾಣಂತನಕ್ಕೆ ಸಮುದ್ರ ದಾಟಬೇಕಾಯಿತು. ಕೆಲಸ ಮಾಡುವಂತಿಲ್ಲ ಎಂಬುದು ದುಡಿದೇ ಅಭ್ಯಾಸವಾದ ನನ್ನವರಿಗೆ ಮೊದಲ ಚಳಿಗಾಲದಲ್ಲಿ ತುಂಬ ಭಾರವಾಯಿತು. ಸ್ಪ್ಯಾನಿಷ್ ತರಗತಿಗೆ ಸೇರಿದ ಮೇಲೆ ಹಗುರಾದರು. ಭಾಷೆ ಕಲಿಯದೆ ಇಲ್ಲಿ ಬದುಕುತ್ತೇನೆ ಎನ್ನುವವರು ಆಸ್ಪತ್ರೆಯಲ್ಲಿ, ಸರ್ಕಾರಿ ಕಚೇರಿಯಲ್ಲಿ, ಕೊನೆಗೆ ಪಕ್ಕದ ಮನೆಯವರ ಮುಂದೆಯೂ ಮೂಕರಾಗುತ್ತಾರೆ.

ಬರಬೇಕೆಂದಿರುವವರಿಗೆ ನನ್ನ ವಿನಂತಿ ಇಷ್ಟು. ಬೆವರು ಆರದ ಒಂದು ಆಗಸ್ಟ್, ಹೀಟರ್ ಇಲ್ಲದ ಮನೆಯಲ್ಲಿ ಒಂದು ಜನವರಿ, ಎರಡನ್ನೂ ಬಾಡಿಗೆಗಿದ್ದು ನೋಡಿ. ಮನೆ ಕೊಳ್ಳುವ ಮಾತು ಆಮೇಲೆ. ಎರಡೂ ದೇಶದ ಕಾನೂನು ಬಲ್ಲ ತೆರಿಗೆ ಸಲಹೆಗಾರರನ್ನು ವೀಸಾ ಅರ್ಜಿಗಿಂತ ಮುಂಚೆ ಕಾಣಿ. ಊರೊಳಗೆ, ಸಂತೆಗೂ ಆರೋಗ್ಯ ಕೇಂದ್ರಕ್ಕೂ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಿರಿ. ಊರಾಚೆಯ ವಿಲ್ಲಾ ಹಿಡಿದು, ಕಾರು ಕೊಂಡು, ಡಾಲಸ್‌ನಲ್ಲಿ ಬದುಕಿದಂತೆಯೇ ಇಲ್ಲೂ ಬದುಕುವುದಾದರೆ ದಯವಿಟ್ಟು ಅಲ್ಲೇ ಇರಿ.