ದಿನಕ್ಕೆ ಇಪ್ಪತ್ತು ನಿಮಿಷ, ತಿಂಗಳಿಗೊಂದು ಚಿತ್ರಶಾಲೆ



ನಮ್ಮ ಸಂಘದ ಮಕ್ಕಳ ಚಿತ್ರಸ್ಪರ್ಧೆ ನಡೆಯುವಾಗಲೆಲ್ಲ ಹಿಂದೆ ನಿಂತ ಅಪ್ಪ-ಅಮ್ಮಂದಿರ ಬಾಯಲ್ಲಿ ಬರುವ ಮಾತು ಒಂದೇ: "ಚಿಕ್ಕವನಿದ್ದಾಗ ನಾನೂ ಚೆನ್ನಾಗಿ ಬಿಡಿಸ್ತಿದ್ದೆ ಕಣ್ರೀ, ಆಮೇಲೆ ಬಿಟ್ಟುಹೋಯ್ತು." ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ಕ್ಯಾಂಪಸ್ ಇಂಟರ್‌ವ್ಯೂ, ವೀಸಾ... ಬಿಡುವುದಕ್ಕೆ ಕಾರಣಗಳಿಗೇನು ಬರ? ನಾನೂ ಅದೇ ದಾರಿಯಲ್ಲಿ ಬಂದವನು. ಎಂಜಿನಿಯರಿಂಗ್ ಡ್ರಾಯಿಂಗ್ ಪರೀಕ್ಷೆ ಮುಗಿದ ದಿನ ಕೆಳಗಿಟ್ಟ ಪೆನ್ಸಿಲ್ಲನ್ನು ಹತ್ತು ವರ್ಷ ಕೀಬೋರ್ಡ್ ಕುಟ್ಟಿದ ಮೇಲೆ ಮತ್ತೆ ಎತ್ತಿಕೊಂಡೆ. ಈಗ ನಾಲ್ಕು ವರ್ಷದಿಂದ ದಿನಾ ಒಂದಿಷ್ಟು ಗೀಚುತ್ತಿದ್ದೇನೆ. ಕಲಾವಿದನಲ್ಲ, ಹವ್ಯಾಸಿ. ಹಾಗಾಗಿ ಇದು ಒಬ್ಬ ಹವ್ಯಾಸಿ ಇನ್ನೊಬ್ಬ ಹವ್ಯಾಸಿಗೆ ಹೇಳುವ ಪಾಠ.

ವಿಷಯ ಎರಡು: ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಏನು ಮಾಡಬೇಕು? ಚಿತ್ರಶಾಲೆಗೆ ಹೋದಾಗ ಏನು ನೋಡಬೇಕು? ಇವೆರಡನ್ನೂ ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ಕೈ ಬೇಗ ಪಳಗುತ್ತದೆ ಎನ್ನುವುದೇ ಪಾಠದ ಸಾರ.

1. "ಈ ವಯಸ್ಸಿನಲ್ಲಿ ಇನ್ನೇನು?" ಎನ್ನುವವರಿಗೆ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಒಂದು ಹುಲಿ ಇದೆ. ಬಿರುಗಾಳಿ, ಮಳೆ, ಬಾಗಿದ ಹುಲ್ಲು, ನಡುವೆ ಹಲ್ಲು ಕಿರಿದುಕೊಂಡ ಹುಲಿ. ಬರೆದವನು ಫ್ರಾನ್ಸಿನ ಆನ್ರಿ ರೂಸೋ, ವರ್ಷ 1891. ಈತ ಯಾವ ಕಲಾಶಾಲೆಯಲ್ಲೂ ಓದಿದವನಲ್ಲ. ಪ್ಯಾರಿಸ್ಸಿಗೆ ಬರುವ ಸರಕಿನ ಮೇಲೆ ಸುಂಕ ವಸೂಲಿ ಮಾಡುವ ಕಟ್ಟೆಯಲ್ಲಿ ನೌಕರ. ಸರಿಸುಮಾರು ನಲವತ್ತರ ವಯಸ್ಸಿನಲ್ಲಿ, 1884ರಲ್ಲಿ, ಲೂವ್ರ್‌ನಲ್ಲಿ ಕುಳಿತು ಹಳೆಯ ಚಿತ್ರಗಳನ್ನು ನಕಲು ಮಾಡಲು ಪರವಾನಗಿ ಪಡೆದ. ಈ ಹುಲಿಯನ್ನು ಬರೆದಾಗ ಇನ್ನೂ ಕೆಲಸದಲ್ಲೇ ಇದ್ದ; ನೌಕರಿ ಬಿಟ್ಟದ್ದು 1893ರಲ್ಲಿ. ಕಾಡು ನೋಡಲು ಫ್ರಾನ್ಸ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಪ್ಯಾರಿಸ್ಸಿನ ಸಸ್ಯೋದ್ಯಾನದ ಗಿಡಗಳೇ ಅವನ ಕಾಡು. ಇದ್ದೂರಲ್ಲೇ ಇದ್ದುದನ್ನೇ ನೋಡಿ ನೋಡಿ ಬರೆದ, ಅಷ್ಟೆ.

ಇನ್ನೊಬ್ಬರು ನಮಗೆಲ್ಲ ಬೇರೆ ಕಾರಣಕ್ಕೆ ಗೊತ್ತಿರುವವರು, ಭಾರತೀಯರಿಗೆ ಅಷ್ಟೇನೂ ಇಷ್ಟವಾಗದವರು: ವಿನ್‌ಸ್ಟನ್ ಚರ್ಚಿಲ್. 1915ರಲ್ಲಿ ಡಾರ್ಡನೆಲ್ಸ್ ಕಾರ್ಯಾಚರಣೆ ಕೆಟ್ಟು, ನೌಕಾ ಖಾತೆ ಕೈತಪ್ಪಿದಾಗ, ನಲವತ್ತು ವರ್ಷದ ಈ ಮನುಷ್ಯ ಮೊದಲ ಬಾರಿ ಕುಂಚ ಹಿಡಿದ. ಬಿಳಿ ಕ್ಯಾನ್ವಾಸಿನ ಮುಂದೆ ಹೆದರಿ, ಕಾಳಿನಷ್ಟು ನೀಲಿ ಬಣ್ಣವನ್ನು ಮೆಲ್ಲಗೆ ಇಟ್ಟು ಸುಮ್ಮನೆ ನಿಂತಿದ್ದನಂತೆ. ಆಗ ಬಂದ ಚಿತ್ರಕಾರ ಜಾನ್ ಲೇವರಿಯ ಹೆಂಡತಿ ಅವನ ಕೈಯಿಂದ ದೊಡ್ಡ ಕುಂಚ ತೆಗೆದುಕೊಂಡು, ಕ್ಯಾನ್ವಾಸಿನ ಮೇಲೆ ರಪರಪನೆ ನೀಲಿ ಬಳಿದುಬಿಟ್ಟಳು. ಅಂದಿಗೆ ಹೆದರಿಕೆ ಹೋಯಿತು ಎಂದು ಅವನೇ ಬರೆದುಕೊಂಡಿದ್ದಾನೆ. ಮುಂದೆ ಐನೂರಕ್ಕೂ ಹೆಚ್ಚು ಚಿತ್ರ ಬರೆದ. ರಾಜಕೀಯ ಪಕ್ಕಕ್ಕಿಡಿ, ಬಿಳಿ ಹಾಳೆಯ ಭಯ ಎಲ್ಲರಿಗೂ ಒಂದೇ.

2. ಬೇಕಾಗುವ ಸಾಮಾನು

ಅಂಗಡಿಗೆ ಹೋಗಿ ನಲವತ್ತು ಬಣ್ಣದ ಪೆಟ್ಟಿಗೆ, ಮೂರುಕಾಲಿನ ಸ್ಟ್ಯಾಂಡು ತರಬೇಡಿ. ಹೊಸ ವರ್ಷಕ್ಕೆ ಜಿಮ್ ಸದಸ್ಯತ್ವ ತೆಗೆದುಕೊಂಡವರ ಕಥೆ ನಿಮಗೆ ಗೊತ್ತೇ ಇದೆ. ಜೇಬಿಗೆ ಹಿಡಿಯುವ ಒಂದು ಸ್ಕೆಚ್ ಪುಸ್ತಕ, ಒಂದು 2ಬಿ ಮತ್ತು ಒಂದು 4ಬಿ ಪೆನ್ಸಿಲ್, ರಬ್ಬರ್, ಮೆಂಡರ್. ಮೊದಲ ಮೂರು ತಿಂಗಳಿಗೆ ಇಷ್ಟು ಸಾಕು. ಆಮೇಲೆ ಹನ್ನೆರಡು ಬಿಲ್ಲೆಗಳ ಒಂದು ಚಿಕ್ಕ ಜಲವರ್ಣದ ಡಬ್ಬಿ ಕೊಂಡರಾಯಿತು.

ಪುಸ್ತಕ ಮತ್ತು ಪೆನ್ಸಿಲ್ ಊಟದ ಮೇಜಿನ ಮೇಲೇ ಇರಲಿ, ಬೀರುವಿನೊಳಗೆ ಬೇಡ. ಕಣ್ಣಿಗೆ ಬಿದ್ದರೆ ಕೈಗೆ ಬರುತ್ತದೆ. ಪ್ರತಿ ಪುಟದ ಮೂಲೆಯಲ್ಲಿ ತಾರೀಖು ಹಾಕಿ. ಯಾವ ಪುಟವನ್ನೂ ಹರಿಯಬೇಡಿ.

3. ಮೊದಲ ಪಾಠ: ಸ್ಟೀಲ್ ಲೋಟ

ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಮೇಜಿನ ಮೇಲೆ, ನಿಮ್ಮಿಂದ ಮೂರಡಿ ದೂರದಲ್ಲಿಡಿ. ಒಂದೇ ಕಡೆಯಿಂದ ಬೆಳಕು ಬರಲಿ. ಈಗ ಬಿಡಿಸಿ.

ಹತ್ತರಲ್ಲಿ ಒಂಬತ್ತು ಜನ ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಬರೆದು, ತಳವನ್ನು ನೇರ ಗೆರೆಯಲ್ಲಿ ಮುಗಿಸುತ್ತಾರೆ. ಯಾಕೆ? ಲೋಟದ ತಳ ಚಪ್ಪಟೆ ಎಂದು ನಮ್ಮ ತಲೆಗೆ ಗೊತ್ತು. ಕಣ್ಣು ಬೇರೆಯದನ್ನು ಕಾಣುತ್ತಿದ್ದರೂ ತಲೆ ತನಗೆ ಗೊತ್ತಿರುವುದನ್ನೇ ಕೈಗೆ ಹೇಳುತ್ತದೆ. ನಿಜವಾಗಿ ನೋಡಿದರೆ ತಳದ ಅಂಚೂ ಬಾಗಿದೆ. ಅಷ್ಟೇ ಅಲ್ಲ, ತಳ ನಮ್ಮ ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿರುವುದರಿಂದ ಬಾಯಿಗಿಂತ ಹೆಚ್ಚು ಬಾಗಿದೆ. ಲೋಟವನ್ನು ಮೆಲ್ಲಗೆ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ: ಬಾಯಿಯ ಮೊಟ್ಟೆ ಕಿರಿದಾಗುತ್ತಾ ಬಂದು ಕೊನೆಗೆ ಒಂದು ಗೆರೆಯಾಗುತ್ತದೆ.

ಅಳತೆಗೆ ಹಳೆಯ ಉಪಾಯ: ಕೈಯನ್ನು ಪೂರ್ತಿ ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಲೋಟದ ಅಗಲವನ್ನು ಹೆಬ್ಬೆರಳಿನಿಂದ ಗುರುತಿಸಿ. ಅದೇ ಅಳತೆ ಎತ್ತರಕ್ಕೆ ಎಷ್ಟು ಬಾರಿ ಹಿಡಿಯುತ್ತದೆ ನೋಡಿ. ಮೊಣಕೈ ಮಡಚಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಹೊಳಪು. ಕಣ್ಣನ್ನು ಕಿರಿದು ಮಾಡಿ ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ಬಿಳಿ, ಬೂದು, ಕಪ್ಪು ಎಂಬ ಮೂರು ಪಟ್ಟಿ ಉಳಿಯುತ್ತವೆ. ಸ್ಟೀಲಿನಲ್ಲಿ ಅತಿ ಬಿಳಿಯ ಪಕ್ಕದಲ್ಲೇ ಅತಿ ಕಪ್ಪು ಇರುತ್ತದೆ. ಆ ನೆರೆಹೊರೆಯೇ ಹೊಳಪು. ಹಾಳೆಯಲ್ಲಿ ಬಿಳಿ ಬಳಿಯಲು ಏನೂ ಇಲ್ಲ. ಸುತ್ತ ಕಪ್ಪು ಹಾಕಿದಾಗ ಕಾಗದವೇ ಮಿಂಚುತ್ತದೆ.

4. ವಾರದ ಪಟ್ಟಿ

ಸೋಮವಾರ: ಹಾಳೆ ನೋಡದೆ, ವಸ್ತುವಿನ ಅಂಚನ್ನಷ್ಟೇ ಕಣ್ಣಿನಿಂದ ಸವರುತ್ತಾ ಒಂದೇ ಗೆರೆ. ಚಿತ್ರ ವಕ್ರವಾಗಿ ಬರುತ್ತದೆ, ಬರಲಿ. ಪಳಗುವುದು ಕಣ್ಣು.

ಮಂಗಳವಾರ: ಒಂದು ವಸ್ತು, ಮೂರೇ ಛಾಯೆ.

ಬುಧವಾರ: ಕುರ್ಚಿಯನ್ನು ಬಿಟ್ಟು, ಕುರ್ಚಿಯ ಕಾಲುಗಳ ನಡುವಿನ ಖಾಲಿ ಜಾಗವನ್ನು ಬರೆಯಿರಿ. ಖಾಲಿ ಜಾಗದ ಆಕಾರ ತಲೆಗೆ ಮೊದಲೇ ಗೊತ್ತಿರುವುದಿಲ್ಲ, ಅದಕ್ಕೇ ಕಣ್ಣಿನ ಮಾತು ಕೇಳುತ್ತದೆ.

ಗುರುವಾರ: ಚಲಿಸುವ ಜನ. ರೈಲಿನಲ್ಲೋ ಮಗುವಿನ ಈಜು ತರಗತಿಯಲ್ಲೋ, ಎರಡೆರಡು ನಿಮಿಷಕ್ಕೆ ಒಂದು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ (1911-1996) ನರ್ತಕರ, ವಾದ್ಯಗಾರರ ರೇಖಾಚಿತ್ರಗಳನ್ನು ಒಮ್ಮೆ ನೋಡಿ. ಗೆರೆ ನಾಲ್ಕೇ ಆದರೂ ಇಡೀ ಮೈ ಕುಣಿಯುತ್ತದೆ.

ಶುಕ್ರವಾರ: ಆಕಾಶ (ಇದರ ಬಗ್ಗೆ ಕೆಳಗೆ ಹೇಳಿದ್ದೇನೆ).

ಶನಿವಾರ: ಒಬ್ಬ ಹಿರಿಯ ಕಲಾವಿದನ ಚಿತ್ರದ ನಕಲು.

ಭಾನುವಾರ: ಬರೆಯುವುದು ಬೇಡ. ವಾರದ ಪುಟಗಳನ್ನು ತಿರುವಿ, ಯಾವುದು ಕೈಗೆ ಸಿಗಲಿಲ್ಲ ಎಂದು ಒಂದೇ ಸಾಲು ಬರೆದಿಡಿ. "ಮೋಡದ ಅಂಚು ಕಲ್ಲಿನ ಹಾಗೆ ಬಂತು." "ಮೂಗು ಮುಖಕ್ಕೆ ಅಂಟಿಸಿದಂತಿದೆ." ಈ ಸಾಲು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಹಾಡ್ತಾ ಹಾಡ್ತಾ ರಾಗ ಎನ್ನುವ ಗಾದೆ ಸುಳ್ಳಲ್ಲ. ಆದರೆ ಒಂದೇ ತಪ್ಪನ್ನು ಸಾವಿರ ಸಲ ಹಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಅದಕ್ಕೇ ಭಾನುವಾರದ ಪರಿಶೀಲನೆ, ಅದಕ್ಕೇ ಚಿತ್ರಶಾಲೆ.

5. ಆಕಾಶದ ಲೆಕ್ಕ ಇಟ್ಟವರು

ಈ ದೇಶದಲ್ಲಿ ನಮಗೆ ಪುಕ್ಕಟೆಯಾಗಿ, ಬೇಕಾದ್ದಕ್ಕಿಂತ ಹೆಚ್ಚಾಗಿ ಸಿಗುವ ವಸ್ತು ಮೋಡ. ಜಾನ್ ಕಾನ್‌ಸ್ಟೆಬಲ್ (1776-1837) ಇದನ್ನು ದೂರಲಿಲ್ಲ, ಅಭ್ಯಾಸಕ್ಕೆ ಹಚ್ಚಿಕೊಂಡ. 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ದಿಬ್ಬದ ಮೇಲೆ ನಿಂತು ಬರೀ ಆಕಾಶವನ್ನೇ ತೈಲವರ್ಣದಲ್ಲಿ ಮತ್ತೆ ಮತ್ತೆ ಬರೆದ. 1822ರ ಅಕ್ಟೋಬರ್ ಹೊತ್ತಿಗೆ ಅಂಥ ಸುಮಾರು ಐವತ್ತು ಅಭ್ಯಾಸಗಳಾಗಿದ್ದವು. ಹಲವು ಚಿತ್ರಗಳ ಬೆನ್ನಿನ ಮೇಲೆ ತಾರೀಖು, ಗಂಟೆ, ಗಾಳಿ ಬೀಸುವ ದಿಕ್ಕು ಎಲ್ಲ ನಮೂದಿಸಿದ್ದಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ಚಿತ್ರಕ್ಕೂ ಒಂದು ಲಾಗ್ ಫೈಲ್!

ಶುಕ್ರವಾರದ ಅಭ್ಯಾಸಕ್ಕೆ ಎರಡು ಸುಳಿವು. ನೆತ್ತಿಯ ಮೇಲೆ ನೀಲಿ ಗಾಢ, ದಿಗಂತದ ಕಡೆಗೆ ತೆಳು. ಮೋಡಗಳಿಗೂ ದೂರದ ನಿಯಮ ಉಂಟು: ಮೇಲಿನವು ದೊಡ್ಡವು, ದಿಗಂತದ ಹತ್ತಿರದವು ಸಣ್ಣವು, ಒತ್ತೊತ್ತಾಗಿರುತ್ತವೆ. ಇಷ್ಟು ನೆನಪಿಟ್ಟರೆ ಆಕಾಶ ಗೋಡೆಯ ಹಾಗೆ ನಿಲ್ಲದೆ ಚಾವಣಿಯ ಹಾಗೆ ಹರಡಿಕೊಳ್ಳುತ್ತದೆ.

ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ (1886-1965) ಇದೇ ಜಾತಿಯ ಸಾಧಕರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಊಟಿ, ಕೊಡೈಕೆನಾಲಿನ ಬೆಟ್ಟಗಳ ಮೇಲಿನ ಮಂಜು, ಮೋಡ, ಬೆಳದಿಂಗಳನ್ನು ಜಲವರ್ಣದಲ್ಲಿ ಹಿಡಿದವರು. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಊರಿಗೆ ಹೋದಾಗ ತೆರೆದಿರುವ ಹೊತ್ತು ವಿಚಾರಿಸಿಕೊಂಡು ಒಂದು ಗಂಟೆ ಅಲ್ಲಿಗೂ ಇಡಿ.

6. ಚಿತ್ರಶಾಲೆಯಲ್ಲಿ: ಒಂದು ಗಂಟೆ, ಮೂರು ಚಿತ್ರ

ನ್ಯಾಷನಲ್ ಗ್ಯಾಲರಿ 1824ರಲ್ಲಿ 38 ಚಿತ್ರಗಳಿಂದ ಆರಂಭವಾಯಿತು. ಈಗ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ, ಕಾಯಂ ಸಂಗ್ರಹಕ್ಕೆ ಪ್ರವೇಶ ಉಚಿತ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋದರೆ ಎಲ್ಲ ಕೋಣೆಗಳನ್ನೂ ಒಂದೂವರೆ ಗಂಟೆಯಲ್ಲಿ ಪ್ರದಕ್ಷಿಣೆ ಹಾಕಿ, ಕಾಲುನೋವು ಎಂದು ಹೊರಬರುತ್ತೇವೆ. ಕಲಿಯುವವರಿಗೆ ಈ ದಾರಿ ಆಗದು.

ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಈ ಗ್ಯಾಲರಿಯ ಚಿತ್ರಗಳನ್ನು ವೇಲ್ಸಿನ ಮ್ಯಾನಡ್ ಎಂಬಲ್ಲಿನ ಕಲ್ಲುಗಣಿಯೊಳಗೆ ಸಾಗಿಸಿದ್ದರು. ಖಾಲಿ ಗೋಡೆ ನೋಡಿ ಬೇಸತ್ತ ಜನರ ಕೋರಿಕೆಯ ಮೇಲೆ 1942ರಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ಲಂಡನ್ನಿಗೆ ತಂದು ತೂಗುಹಾಕತೊಡಗಿದರು. ಮೊದಲು ಬಂದದ್ದು ಟಿಶನ್‌ನ ಒಂದು ಕ್ರಿಸ್ತನ ಚಿತ್ರ. ಆ ಒಂದು ಚಿತ್ರ ನೋಡಲು, ಬಾಂಬು ಬಿದ್ದು ಒಡೆದ ಊರಿನ ಜನ ಬಂದು ನಿಂತರು. ಒಂದೇ ಚಿತ್ರವಿದ್ದರೆ ಮನುಷ್ಯ ಹೇಗೆ ನೋಡುತ್ತಾನೋ ಹಾಗೆ ನೋಡುವುದನ್ನು ಕಲಿಯಬೇಕು.

ನನ್ನ ಕ್ರಮ ಹೀಗಿದೆ:

ಮೊದಲನೆಯದು, ಹೋಗುವ ಮುಂಚೆ ಭಾನುವಾರದ ಸಾಲುಗಳನ್ನು ಓದಿ. ಮೋಡ ಕೈಗೆ ಸಿಗುತ್ತಿಲ್ಲವೆಂದರೆ ಅಂದು ಮೋಡ ಇರುವ ಮೂರು ಚಿತ್ರ ಮಾತ್ರ. ನಮ್ಮದೇ ಪ್ರಶ್ನೆ ಹಿಡಿದು ಹೋದರೆ ಉತ್ತರ ಸಿಗುತ್ತದೆ. ಪ್ರೋಗ್ರಾಮ್ ಎಲ್ಲೋ ಸಿಕ್ಕಿಹಾಕಿಕೊಂಡಾಗ ಹಿರಿಯರ ಕೋಡ್ ತೆಗೆದು ಓದುತ್ತೇವಲ್ಲ, ಹಾಗೆ.

ಎರಡನೆಯದು, ಪಕ್ಕದ ಫಲಕ ಓದಬೇಡಿ. ಮೊದಲು ಐದು ನಿಮಿಷ ಸುಮ್ಮನೆ ನೋಡಿ. ಅತಿ ಬೆಳಕು ಎಲ್ಲಿ, ಅತಿ ಕತ್ತಲು ಎಲ್ಲಿ, ಕಣ್ಣು ಎಲ್ಲಿಂದ ಒಳಗೆ ಹೋಗುತ್ತದೆ?

ಮೂರನೆಯದು, ಬೆಂಕಿಪೊಟ್ಟಣದಷ್ಟು ಚೌಕ ಹಾಕಿ ಇಡೀ ಚಿತ್ರವನ್ನು ಮೂರು ಛಾಯೆಯಲ್ಲಿ ಇಳಿಸಿಕೊಳ್ಳಿ. ಸಾಮಾನ್ಯವಾಗಿ ಪೆನ್ಸಿಲ್ಲಿಗೆ ಅಡ್ಡಿಯಿಲ್ಲ, ಬಣ್ಣ-ನೀರು ಬೇಡ. ಅನುಮಾನವಿದ್ದರೆ ಕಾವಲಿನವರನ್ನು ಕೇಳಿ.

ನಾಲ್ಕನೆಯದು, ಹತ್ತಿರ ಹೋಗಿ ಬಣ್ಣ ಹೇಗೆ ಹಚ್ಚಿದ್ದಾನೆ ನೋಡಿ, ಮತ್ತೆ ಹಿಂದೆ ಬನ್ನಿ. ಆಮೇಲೆ ಫಲಕ ಓದಿ.

ಒಂದು ದಿನದ ಉದಾಹರಣೆ ಕೊಡುತ್ತೇನೆ. ಕಾನ್‌ಸ್ಟೆಬಲ್‌ನ 'ದಿ ಹೇ ವೇನ್' (1821) ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದಕ್ಕಾಗಿ ಅವನು ಅಷ್ಟೇ ದೊಡ್ಡದಾಗಿ ಬರೆದ ಪೂರ್ವಸಿದ್ಧತೆಯ ಸ್ಕೆಚ್ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಸುಮಾರು ಆರಡಿ ಅಗಲದ ಕ್ಯಾನ್ವಾಸ್, ಅದೂ ಬರೀ ಕರಡಿಗೆ! ಸ್ಕೆಚ್ಚಿನಲ್ಲಿ ದಡದ ನಾಯಿಯ ಪಕ್ಕ ಕುದುರೆ ಸವಾರನಿದ್ದಾನೆ. ಮುಗಿಸಿದ ಚಿತ್ರದಲ್ಲಿ ಅವನನ್ನು ಬರೆದು, ತೆಗೆದು, ಆ ಜಾಗಕ್ಕೆ ಪೀಪಾಯಿ ಇಟ್ಟು, ಕೊನೆಗೆ ಅದನ್ನೂ ಬಣ್ಣ ಬಳಿದು ಅಳಿಸಿದ. ಹೀಗೆ ಬರೆದ ಚಿತ್ರ ಆ ವರ್ಷ ರಾಯಲ್ ಅಕಾಡೆಮಿಯಲ್ಲಿ ಮಾರಾಟವಾಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಬಂತು. ಇವೆರಡನ್ನೂ ಒಂದೇ ದಿನ ನೋಡಿದರೆ ಏನು ಬಿಡಬೇಕು ಎಂಬ ಪಾಠ ಯಾವ ಪುಸ್ತಕವೂ ಕೊಡದಷ್ಟು ಸ್ಪಷ್ಟವಾಗಿ ಸಿಗುತ್ತದೆ. ಯಾವ ಚಿತ್ರ ಯಾವ ಕೋಣೆಯಲ್ಲಿ ತೂಗುಹಾಕಿದೆ ಎಂದು ಮೊದಲೇ ನೋಡಿಕೊಂಡು ಹೊರಡಿ.

ಎಡಿನ್‌ಬರೋ ಕಡೆಯ ಗೆಳೆಯರಿಗೆ: ಅಲ್ಲಿನ ನ್ಯಾಷನಲ್ ಗ್ಯಾಲರಿಗೆ ಹೆನ್ರಿ ವಾನ್ ಎಂಬ ಸಂಗ್ರಾಹಕ 1900ರಲ್ಲಿ ಟರ್ನರ್‌ನ 38 ಜಲವರ್ಣಗಳನ್ನು ಬಿಟ್ಟುಹೋದ. ಬೆಳಕಿಗೆ ಬಣ್ಣ ಮಾಸಬಾರದೆಂದು, ಬಿಸಿಲು ಅತಿ ಕಡಿಮೆ ಇರುವ ಜನವರಿಯಲ್ಲಿ ಮಾತ್ರ ಪ್ರದರ್ಶಿಸಬೇಕೆಂದು ಉಯಿಲು ಬರೆದಿದ್ದ. ಅದೇ ಪ್ರಕಾರ ಪ್ರತಿ ಜನವರಿ ಅವು ಹೊರಬರುತ್ತವೆ. 'ಹೇ ವೇನ್' ಮತ್ತು ಅದರ ಸ್ಕೆಚ್ ಎರಡೂ ನಮಗೆ ಸಿಕ್ಕಿರುವುದು ಇದೇ ಪುಣ್ಯಾತ್ಮನಿಂದ.

7. ಇಷ್ಟೆಲ್ಲ ಯಾಕೆ?

ಮಾರುವುದಕ್ಕಲ್ಲ, ಹೆಸರಿಗೂ ಅಲ್ಲ. ಹೋದ ಬೇಸಿಗೆಯಲ್ಲಿ ಅಮ್ಮ ಬಂದು ಮೂರು ತಿಂಗಳು ನಮ್ಮ ಜೊತೆ ಇದ್ದರು. ಸಂಜೆ ಹೂಬತ್ತಿ ಹೊಸೆಯುತ್ತಾ ಕೂತಾಗ ಅವರ ಕೈಗಳನ್ನು ಬರೆಯುತ್ತಿದ್ದೆ. "ಈ ಸುಕ್ಕು ಕೈಯಲ್ಲಿ ಏನಿದೆ ಅಂತ ಬರೀತೀಯೋ" ಎಂದು ನಗುತ್ತಿದ್ದರು. ಬಲಗೈ ಹೆಬ್ಬೆರಳಿನ ಗೆಣ್ಣು ಊದಿಕೊಂಡಿರುವುದು, ಎಳೆ ಹಿಡಿಯುವಾಗ ಅದನ್ನು ಮಡಚಲಾಗದೆ ಎರಡು ಬೆರಳಲ್ಲೇ ಸಂಭಾಳಿಸುವುದು ನನಗೆ ಕಂಡದ್ದು ಮೂರನೇ ಪುಟ ಬರೆಯುವಾಗ. ಪ್ರತಿ ಭಾನುವಾರ ಫೋನಿನಲ್ಲಿ "ಆರೋಗ್ಯ ಹೇಗಿದೆ" ಎಂದರೆ "ಚೆನ್ನಾಗಿದ್ದೀನಪ್ಪಾ" ಎನ್ನುವ ಅಮ್ಮ ಅದನ್ನು ಹೇಳಿರಲಿಲ್ಲ. ಮರುವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಫೋಟೋ ಇನ್ನೂರು ತೆಗೆದಿದ್ದೇವೆ; ಆ ಗೆಣ್ಣು ಅದರಲ್ಲೂ ಇದೆ, ಆದರೆ ಯಾರೂ ನೋಡಿರಲಿಲ್ಲ.

ದೂರದೇಶದಲ್ಲಿರುವ ನಮಗೆ ನಮ್ಮವರ ಜೊತೆ ಸಿಗುವ ದಿನಗಳು ಎಣಿಕೆಯವು. ಆ ದಿನಗಳಲ್ಲಿ ಅವರನ್ನು ಸರಿಯಾಗಿ ನೋಡಲು ಕಲಿಸುವ ವಿದ್ಯೆ ಇದ್ದರೆ ಇಪ್ಪತ್ತು ನಿಮಿಷ ಹೆಚ್ಚೇನಲ್ಲ.

8. ಮನೆಗೆಲಸ

ಈ ತಿಂಗಳು: ಏಳು ದಿನ ಒಂದೇ ಲೋಟ, ದಿನವೂ ಬೇರೆ ಜಾಗದಲ್ಲಿಟ್ಟು. ನಂತರ ವಾರದ ಪಟ್ಟಿ. ತಿಂಗಳ ಕೊನೆಗೆ ನಿಮ್ಮೂರಿನ ಚಿತ್ರಶಾಲೆಗೆ ಒಂದು ಗಂಟೆಯ ಭೇಟಿ, ಮೂರು ಬೆಂಕಿಪೊಟ್ಟಣದ ಚಿತ್ರ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರಿಗೂ ಒಂದು ಪೆನ್ಸಿಲ್ ಕೊಡಿ. ನಮಗಿಂತ ಚೆನ್ನಾಗಿ ನೋಡುತ್ತಾರೆ, ಹುಷಾರು!

ಸಂಘದ ಮುಂದಿನ ಕೂಟಕ್ಕೆ ಬರುವಾಗ ಪುಸ್ತಕ ಜೇಬಿನಲ್ಲಿರಲಿ. ಊಟದ ಸಾಲಿನಲ್ಲಿ ನಿಂತಾಗ ಒಬ್ಬರದನ್ನೊಬ್ಬರು ನೋಡೋಣ. ಚೆನ್ನಾಗಿ ಬಂದ ಪುಟವನ್ನಷ್ಟೇ ತೋರಿಸುವ ಹಾಗಿಲ್ಲ, ಎಲ್ಲ ಪುಟವನ್ನೂ ತೋರಿಸಬೇಕು.