ಆತಂಕ ರೋಗ ಮತ್ತು ದಾರಿ ತಪ್ಪುವ ಯೋಚನೆಗಳು

ಚಿತೆಯು ನಿರ್ಜೀವ ದೇಹವನ್ನು ಸುಟ್ಟರೆ ಚಿಂತೆಯು ಸಜೀವ ದೇಹವನ್ನೇ ಸುಡುತ್ತದೆ ಎಂಬ ಹಿರಿಯರ ಮಾತನ್ನು ಕೇಳದವರಿಲ್ಲ. ಚಿಂತೆಯು ಮನುಷ್ಯಸಹಜವಾದುದು. ಮಕ್ಕಳ ಪರೀಕ್ಷೆ, ಮಗಳ ಮದುವೆ, ಅಡಿಕೆಯ ಧಾರಣೆ, ಗಲ್ಫಿನಲ್ಲಿರುವವರ ಕೆಲಸ ಇವುಗಳ ಕುರಿತು ಯೋಚಿಸದ ಗೃಹಸ್ಥನು ನಮ್ಮ ಸೀಮೆಯಲ್ಲಿ ಸಿಗಲಾರನು. ಮಿತವಾದ ಚಿಂತೆಯು ನಮ್ಮನ್ನು ಎಚ್ಚರದಲ್ಲಿರಿಸುತ್ತದೆ. ಆದರೆ ತಡೆಯಲಾಗದ ಚಿಂತೆಯು ಆರು ತಿಂಗಳಿಗೂ ಮಿಕ್ಕಿ ಹೆಚ್ಚಿನ ದಿನಗಳಲ್ಲಿ ಕಾಡುತ್ತಾ, ನಿದ್ರಾಭಂಗ, ಮೈಬಿಗಿತ, ಆಯಾಸಗಳನ್ನು ತಂದು ನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರು ಅದನ್ನು ಆತಂಕ ರೋಗವೆಂದು ಪರಿಗಣಿಸುತ್ತಾರೆ. ಕೆಲವರಿಗೆ ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು ತೀವ್ರ ಭೀತಿ ಎರಗುತ್ತದೆ. ಇನ್ನು ಕೆಲವರಿಗೆ ನಾಲ್ಕು ಜನರೆದುರು ನಿಲ್ಲುವುದೇ ಭಯ. ನಾವು ಇವೆಲ್ಲವನ್ನೂ 'ಮಂಡೆಬಿಸಿ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ಕೇರಳವೂ ಸೇರಿದಂತೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದುದು ಕಂಡುಬಂತು. ಅವರಲ್ಲಿ ಬಹುಪಾಲು ಜನರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಆದುದರಿಂದ ಇದು ಯಾರದೋ ಮನೆಯ ಸುದ್ದಿಯಲ್ಲ.

ಯೋಚನೆಯೇ ಮೂಲ

ಅಮೆರಿಕದ ಮನೋವೈದ್ಯ ಏರನ್ ಬೆಕ್ (1921-2021) ಅವರು 1960ರ ದಶಕದಲ್ಲಿ ಒಂದು ಸರಳ ಸತ್ಯವನ್ನು ಮುಂದಿಟ್ಟರು. ಘಟನೆ ಮತ್ತು ಭಾವನೆಗಳ ನಡುವೆ ಕ್ಷಣಮಾತ್ರದಲ್ಲಿ ಹಾದುಹೋಗುವ ಯೋಚನೆಯೊಂದಿದೆ. ಅದು ವಕ್ರವಾದರೆ ಭಾವನೆಯೂ ವಕ್ರವಾಗುತ್ತದೆ. ಕನ್ನಡದಲ್ಲಿಯೂ ಮನಸ್ಸಿನ ಕಾಯಿಲೆಗಳ ವಿಚಾರ ಹೊಸತಲ್ಲ. 'ಕೊರವಂಜಿ'ಯ 'ರಾಶಿ' ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳ ಬಗೆಗೆ ಸಾಮಾನ್ಯರಿಗೂ ತಿಳಿಯುವಂತೆ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ.

ಆತಂಕ ರೋಗಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು ಯೋಚನಾಕ್ರಮಗಳು ಹೀಗಿವೆ:

1. ಅನಾಹುತ ಕಲ್ಪನೆ: ಮಂಗಳೂರಿನಿಂದ ಸಂಜೆಯ ರೈಲಿನಲ್ಲಿ ಬರಬೇಕಾದ ಮಗನು ಅರ್ಧ ಗಂಟೆ ತಡಮಾಡಿದರೆ ಅಪಘಾತವೇ ಆಯಿತೆಂದು ತೀರ್ಮಾನಿಸುವುದು. ರೈಲು ತಡವಾಗಿರಬಹುದು, ಮೊಬೈಲಿನ ಚಾರ್ಜು ಮುಗಿದಿರಬಹುದು ಎಂಬ ಸಾಧ್ಯತೆಗಳು ಹೊಳೆಯುವುದೇ ಇಲ್ಲ.

2. ಪರರ ಮನಸ್ಸನ್ನು ತಾನೇ ಓದುವುದು: ಮದುವೆ ಮನೆಯಲ್ಲಿ ಬಂಧುಗಳೊಬ್ಬರು ಮಾತನಾಡಿಸದೆ ಹೋದರೆ 'ನನ್ನ ಮೇಲೆ ಅಸಮಾಧಾನವಿದೆ' ಎಂದು ಭಾವಿಸಿ ರಾತ್ರಿಯಿಡೀ ಕೊರಗುವುದು.

3. ಪೂರ್ಣ ಇಲ್ಲವೇ ಶೂನ್ಯ: ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಬದುಕೇ ಮುಗಿಯಿತೆನ್ನುವುದು.

4. ಭಾವನೆಯನ್ನೇ ಪುರಾವೆಯಾಗಿಸುವುದು: 'ನನಗೆ ಭಯವಾಗುತ್ತಿದೆ, ಆದುದರಿಂದ ಅಪಾಯ ಇದ್ದೇ ಇದೆ' ಎನ್ನುವುದು. ಹಗ್ಗವನ್ನು ಕಂಡು ಬೆದರಿದವನ ಬೆವರು ನಿಜವೇ ಹೌದು. ಹಾವು ಮಾತ್ರ ನಿಜವಲ್ಲ.

5. ದೇಹದ ಸೂಚನೆಯನ್ನು ತಪ್ಪಾಗಿ ಅರ್ಥೈಸುವುದು: ಮೆಟ್ಟಿಲೇರಿದಾಗ ಎದೆಬಡಿತ ಹೆಚ್ಚುವುದು ಸಹಜ. ಅದನ್ನು ಹೃದಯಾಘಾತವೆಂದು ಬಗೆದರೆ ಭಯ ಹೆಚ್ಚುತ್ತದೆ. ಭಯದಿಂದ ಬಡಿತ ಇನ್ನಷ್ಟು ಹೆಚ್ಚುತ್ತದೆ. ಬಡಿತದಿಂದ ಭಯ ಬಲಗೊಳ್ಳುತ್ತದೆ.

6. ಅನಿಶ್ಚಿತತೆಯನ್ನು ಸಹಿಸದಿರುವುದು: ನಾಳೆಯ ಬಗ್ಗೆ ನೂರಕ್ಕೆ ನೂರು ಖಾತ್ರಿ ಬೇಕೆಂಬ ಹಟ. ಚಿಂತಿಸುತ್ತಿದ್ದರೆ ಕೇಡು ತಪ್ಪುತ್ತದೆಂಬ ನಂಬಿಕೆಯೂ ಇದರ ಜೊತೆಗಿರುತ್ತದೆ.

ಆತಂಕವು ಬೆಳೆಯುವ ಬಗೆ

ಇಂತಹ ಯೋಚನೆಗಳು ಏಕೆ ತಾವಾಗಿಯೇ ಅಳಿಯುವುದಿಲ್ಲ? ಭಯವಾದ ಸ್ಥಳಕ್ಕೆ ರೋಗಿಯು ಹೋಗುವುದಿಲ್ಲ. ಹೋಗದಿದ್ದಾಗ ತಕ್ಷಣ ನೆಮ್ಮದಿಯೆನಿಸುತ್ತದೆ. 'ಹೋಗದೆ ಉಳಿದುದರಿಂದ ಬಚಾವಾದೆ' ಎಂದು ಮನಸ್ಸು ಪಾಠ ಕಲಿಯುತ್ತದೆ. ಅಪಾಯವಿರಲಿಲ್ಲವೆಂದು ತಿಳಿಯುವ ಅವಕಾಶವೇ ತಪ್ಪುತ್ತದೆ. ಮನೆಯವರಲ್ಲಿ 'ಏನೂ ಆಗದಲ್ಲವೇ?' ಎಂದು ಪದೇ ಪದೇ ಕೇಳುವುದೂ ಹೀಗೆಯೇ. ಸಮಾಧಾನವು ಸ್ವಲ್ಪ ಹೊತ್ತಿಗೆ ಕರಗಿ, ಪ್ರಶ್ನೆ ಮರಳಿ ಬರುತ್ತದೆ.

ಎಲ್ಲ ಭಯವೂ ರೋಗವಲ್ಲವೆಂಬುದನ್ನೂ ಗಮನಿಸಬೇಕು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಭಯವು ಸಕಾರಣವಾದುದು. ಕಾರಣವು ತೊಲಗಿದ ಮೇಲೂ ತೊಲಗದೆ ಬದುಕನ್ನು ಕುಗ್ಗಿಸುವ ಭಯಕ್ಕೆ ಚಿಕಿತ್ಸೆ ಬೇಕು.

ಪರಿಹಾರ ಮಾರ್ಗ

ವ್ಯಾಪಾರಿಯು ಜಮಾ-ಖರ್ಚು ಬರೆಯುವಂತೆ ಯೋಚನೆಗೂ ಲೆಕ್ಕವಿಡಬೇಕು. ಹೆದರಿಸಿದ ಯೋಚನೆಯನ್ನು ಕಾಗದದಲ್ಲಿ ಬರೆದು, ಒಂದು ಬದಿಯಲ್ಲಿ ಅದಕ್ಕಿರುವ ಆಧಾರಗಳನ್ನೂ ಇನ್ನೊಂದು ಬದಿಯಲ್ಲಿ ವಿರುದ್ಧವಾದ ಆಧಾರಗಳನ್ನೂ ನಮೂದಿಸಬೇಕು. ಬೇರೆ ವಿವರಣೆ ಸಾಧ್ಯವೇ? ಇದೇ ಮಾತನ್ನು ಸ್ನೇಹಿತನು ಹೇಳಿದರೆ ನಾನೇನು ಉತ್ತರಿಸುವೆ? ಎಂದು ಕೇಳಿಕೊಳ್ಳಬೇಕು. ಒಂದು ವಸ್ತುವನ್ನು ಹಲವು ಬದಿಗಳಿಂದ ನೋಡಬೇಕೆನ್ನುವ ಅನೇಕಾಂತ ದೃಷ್ಟಿಯು ಇಲ್ಲಿಯೂ ಉಪಯುಕ್ತ. ಚಿಂತೆಗೆ ದಿನದಲ್ಲಿ ಅರ್ಧ ಗಂಟೆಯನ್ನು ಗೊತ್ತುಪಡಿಸಿ ಉಳಿದ ವೇಳೆ ಮುಂದೂಡುವುದು, ಹೆದರಿಕೆಯ ಸನ್ನಿವೇಶಗಳನ್ನು ಚಿಕ್ಕದರಿಂದ ಆರಂಭಿಸಿ ಹಂತಹಂತವಾಗಿ ಎದುರಿಸುವುದು, ಕಾಫಿಯನ್ನು ಮಿತಗೊಳಿಸುವುದು ಸಹಾಯಕವಾಗುತ್ತವೆ.

ಇಷ್ಟರಿಂದ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ಗ್ರಂಥಿಯ ತೊಂದರೆ, ರಕ್ತಹೀನತೆ, ಹೃದಯದ ದೋಷಗಳೂ ಇಂಥದೇ ಲಕ್ಷಣಗಳನ್ನು ತೋರಿಸಬಹುದಾದುದರಿಂದ ಮೊದಲು ದೇಹಪರೀಕ್ಷೆ ಅಗತ್ಯ. ಮಾತಿನ ಚಿಕಿತ್ಸೆಯೂ ಔಷಧಿಯೂ ಪರಿಣಾಮಕಾರಿ. ಆದರೆ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು. ಮನಸ್ಸಿನ ನೋವನ್ನು ಮಾತೃಭಾಷೆಯಲ್ಲಿ ಹೇಳಿಕೊಂಡಷ್ಟು ಬೇರೆ ಭಾಷೆಯಲ್ಲಿ ಹೇಳಲಾಗದು. ಗಡಿನಾಡಿನ ಕನ್ನಡಿಗರಿಗೆ ಇದು ನಿಜವಾದ ತೊಡಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ಉಚಿತ 'ಟೆಲಿ ಮಾನಸ್' ದೂರವಾಣಿ ಸೇವೆಯು (14416) ಕನ್ನಡ, ಮಲಯಾಳ ಎರಡರಲ್ಲೂ ಲಭ್ಯವಿರುವುದರಿಂದ ಇದರ ಪ್ರಯೋಜನ ಪಡೆಯಬಹುದು.

ಮನೆಯವರ ಕರ್ತವ್ಯ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ, ನಿದಾನಗಳನ್ನು ಕುರಿತ ಎಡೆಬಿಡದ ಚಿಂತನೆಯನ್ನು ಆರ್ತಧ್ಯಾನವೆಂದು ಕರೆದಿದ್ದಾರೆ. ಮನಸ್ಸು ಒಂದೇ ನೋವಿನಲ್ಲಿ ಸುತ್ತುವ ಪರಿಯನ್ನು ಪೂರ್ವಿಕರೂ ಗುರುತಿಸಿದ್ದರು. ಹಾಗೆಂದು ಆತಂಕ ರೋಗವನ್ನು ಭಕ್ತಿಯ ಕೊರತೆಯೆಂದೋ ಹೇಡಿತನವೆಂದೋ ಹಳಿಯುವುದು ಸಲ್ಲದು. ಮಧುಮೇಹಕ್ಕೆ ನಾಚದ ನಾವು ಇದಕ್ಕೂ ನಾಚಬೇಕಿಲ್ಲ. 'ಸುಮ್ಮನೆ ಯೋಚಿಸಬೇಡ' ಎಂದು ಗದರುವುದಕ್ಕಿಂತ, ಹತ್ತಿರ ಕುಳಿತು ಕೇಳಿ, ವೈದ್ಯರಲ್ಲಿಗೆ ಜೊತೆಯಾಗಿ ಹೋಗುವುದು ಮೇಲು. ನೊಂದ ಜೀವಿಗೆ ಅಭಯ ನೀಡುವುದು ದಾನಗಳಲ್ಲಿ ಶ್ರೇಷ್ಠವೆಂಬುದನ್ನು ಪ್ರತಿಯೊಂದು ಮನೆಯೂ ನೆನಪಿನಲ್ಲಿಡಲಿ.