ಉಪ್ಪು ಬಿದ್ದರೆ ಉರಿ ಹಳದಿ ಆಗೋದು ಯಾಕೆ?

ಗೆಳೆಯರೇ, ಹೋದ ತಿಂಗಳು ನನ್ನ ತಮ್ಮನಿಗೆ ಎರಡು ದಿನ ಜ್ವರ ಬಿಡಲಿಲ್ಲ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ನಮ್ಮನೇಲಿ ಈಗ ಸೌದೆ ಒಲೆ ಇಲ್ಲ. ಅದಕ್ಕೆ ಗ್ಯಾಸಿನ ನೀಲಿ ಉರಿಗೇ ಹಾಕಿದಳು. ಉರಿ ಭಗ್ ಅಂತ ಹಳದಿ ಆಯಿತು. "ನೋಡು, ಎಷ್ಟು ದೃಷ್ಟಿ ಆಗಿತ್ತು! ಇನ್ನು ಆಸ್ಪತ್ರೆ ಬೇಡ" ಅಂದಳು. ನನಗೂ ನಿಜ ಅನ್ನಿಸಿತು.

ಮಾರನೇ ದಿನ ಬೆಳಿಗ್ಗೆ ಸಾರು ಉಕ್ಕಿ ಉರಿಗೆ ಬಿತ್ತು. ಆಗಲೂ ಅದೇ ಹಳದಿ! ಸಾರಿಗೆ ಯಾರ ದೃಷ್ಟಿ ತಾಗಿತ್ತು? ಅಪ್ಪನಿಗೆ ಹೇಳಿದೆ. ಅವತ್ತೇ ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಈಗ ಹುಷಾರಾಗಿದ್ದಾನೆ. ಆಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಉಪ್ಪಿನಲ್ಲಿ ಸೋಡಿಯಂ ಇದೆ. ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನ್‌ಗಳಿವೆ. ಅವು ಮೆಟ್ಟಿಲುಗಳ ಮೇಲೆ ಇದ್ದ ಹಾಗೆ. ಎರಡು ಮೆಟ್ಟಿಲ ನಡುವೆ ನಿಲ್ಲಲು ಆಗೋದಿಲ್ಲ. ಬೆಂಕಿಯ ಕಾವಿಗೆ ಬೇರೆ ಕಣಗಳು ಬಂದು ಡಿಕ್ಕಿ ಹೊಡೆದಾಗ ಹೊರಗಿನ ಒಂದು ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿಗೆ ಏರುತ್ತದೆ. ಒಂದು ಸೆಕೆಂಡನ್ನು 6 ಕೋಟಿ ಭಾಗ ಮಾಡಿದರೆ, ಸುಮಾರು ಅದರಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಅಲ್ಲಿರುತ್ತದೆ. ಇಳಿಯುವಾಗ ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಮೆಟ್ಟಿಲ ಎತ್ತರ ಬದಲಾಗೋದಿಲ್ಲ, ಅದಕ್ಕೇ ಬಣ್ಣವೂ ಬದಲಾಗೋದಿಲ್ಲ. ಸೋಡಿಯಂಗೆ ಹಳದಿ, ಅದರ ತರಂಗಾಂತರ 589 ನ್ಯಾನೋಮೀಟರ್. ಲಿಥಿಯಂಗೆ ಕೆಂಪು. 1860ರಲ್ಲಿ ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ವಿಜ್ಞಾನಿಗಳು ಇಂಥ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ, ಬಣ್ಣದ ಗೆರೆ ನೋಡಿಯೇ ಸೀಸಿಯಂ ಎಂಬ ಹೊಸ ಧಾತುವನ್ನು ಕಂಡುಹಿಡಿದರು.

ಎಲೆಕ್ಟ್ರಾನ್ ಮೇಲೆಯೇ ಯಾಕೆ ಇರಬಾರದು? ಇಲ್ಲಿ ಎಂಟ್ರೊಪಿ ಬರುತ್ತದೆ. ಒಂದು ಸ್ಥಿತಿ ಎಷ್ಟು ರೀತಿಯಲ್ಲಿ ಉಂಟಾಗಬಹುದು ಅನ್ನೋದರ ಅಳತೆಯೇ ಎಂಟ್ರೊಪಿ. ಬೇರೆ ಬೇರೆ ಬಣ್ಣದ 4 ಗೋಲಿ, 2 ಡಬ್ಬಿ ತಗೊಳ್ಳಿ. ನಾಲ್ಕೂ ಎಡಗಡೆ ಡಬ್ಬಿಗೆ ಬೀಳಲು 1 ದಾರಿ. ಎರಡೆರಡು ಬೀಳಲು 6 ದಾರಿ. ಕಣ್ಣು ಮುಚ್ಚಿ ಹಾಕಿದರೆ ಹಂಚಿ ಬೀಳೋದೇ ಹೆಚ್ಚು. ಹಾಗೆಯೇ ಶಕ್ತಿ ಒಂದೇ ಎಲೆಕ್ಟ್ರಾನಿನಲ್ಲಿ ಕೂತಿರಲು ದಾರಿ ಕಡಿಮೆ. ಬೆಳಕಾಗಿ ಹೊರಟರೆ ಯಾವ ದಿಕ್ಕಿಗಾದರೂ ಹೋಗಬಹುದು, ಲೆಕ್ಕವಿಲ್ಲದಷ್ಟು ದಾರಿ. ಆದ್ದರಿಂದ ಹರಡಿದ ಬೆಳಕು ತಾನಾಗಿ ಅದೇ ಪರಮಾಣುವಿಗೆ ವಾಪಸ್ ಬರೋದಿಲ್ಲ. ಉಪ್ಪು ಇರುವಷ್ಟು ಹೊತ್ತು ಬೆಂಕಿ ಮತ್ತೆ ಮತ್ತೆ ಎಲೆಕ್ಟ್ರಾನನ್ನು ಏರಿಸುತ್ತದೆ, ಅದು ಮತ್ತೆ ಮತ್ತೆ ಇಳಿಯುತ್ತದೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ಹಂಗಾದ್ರೆ ಅದು ಉಪ್ಪಿನ ಬಣ್ಣಾನಾ!" ಅಂತ ನಕ್ಕಳು. ಗೆಳೆಯರೇ, ಜ್ವರ ಬಂದರೆ ಮೊದಲು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: 4 ಗೋಲಿಯಲ್ಲಿ 3 ಎಡಕ್ಕೆ, 1 ಬಲಕ್ಕೆ ಬೀಳಲು ಎಷ್ಟು ದಾರಿ? ಉತ್ತರ ಬರೆದು ಇದರ ಕೆಳಗೆ ಅಂಟಿಸಿ.